ಕಣ್ಣು ಮುಚ್ಚಿಸಿ ಪತ್ರ ಬರೆಯುತ್ತಿದ್ದವರು

ಮದ್ದೂರಿನ ರಿಜಿಸ್ಟ್ರಾರ್ ಕಚೇರಿಯ ಜಗುಲಿಯಲ್ಲಿ ನಾನು ಛಾಪಾ ಕಾಗದ ಮಾರುತ್ತಿದ್ದೆ. ಪಕ್ಕದ ಚಾಪೆಯಲ್ಲಿ ನಜೀರ್ ಅಹ್ಮದ್ ಸಾಹೇಬರು ಪತ್ರ ಬರೆಯುತ್ತಿದ್ದರು. ಎತ್ತುಗಳಿಗೆ ಲಾಳ ಕಟ್ಟುವವರ ಮಗ. ಅಕ್ಷರವೇನೋ ದುಂಡಗೆ, ಕೆಲಸ ಮಾತ್ರ ಆಮೆನಡಿಗೆ. ಹೆಬ್ಬೆಟ್ಟು ಒತ್ತುವ ಮೊದಲು ಯಾರೇ ಆಗಲಿ ಅವರ ಮುಂದೆ ಕಣ್ಣು ಮುಚ್ಚಿ ಕೂರಬೇಕು. ಪತ್ರದಲ್ಲಿರುವ ವಾಯಿದೆಯ ದಿನಕ್ಕೆ ಮನಸ್ಸಿನಲ್ಲೇ ಹೋಗಿ, ಅಲ್ಲಿ ಕಂಡದ್ದನ್ನು ಹೇಳಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಪತ್ರಕ್ಕೆ ಅರ್ಧ ದಿನ ಹಿಡಿದರೆ ನನ್ನ ಕಾಗದವನ್ನು ಯಾರು ಕೊಳ್ಳಬೇಕು?

ಯುದ್ಧದ ಕಾಲ, ನಲವತ್ಮೂರರ ಬೇಸಿಗೆ. ನಿಡಘಟ್ಟದ ಸಣ್ಣತಾಯಮ್ಮ ಬಂದಳು. ಗಂಡ ತೀರಿಕೊಂಡಿದ್ದ, ಒಂದೂವರೆ ಎಕರೆ ಕಬ್ಬಿನ ಗದ್ದೆಯೇ ಅವಳ ಬದುಕು. ಮಗಳ ಮದುವೆಗೆ ಮುನ್ನೂರು ರೂಪಾಯಿ ಬೇಕಿತ್ತು. ಜೊತೆಗಿದ್ದ ಬೆಲ್ಲದ ಮಂಡಿಯ ದೊಡ್ಡಸಿದ್ದಯ್ಯ ಮುಂದಿನ ಸಂಕ್ರಾಂತಿಯ ಬೆಲ್ಲಕ್ಕೆ ಇವತ್ತೇ ಬೆಲೆ ಕಟ್ಟಿ ದುಡ್ಡು ಕೊಡುವವನಿದ್ದ. ಕರಡನ್ನೂ ಬರೆಸಿಯೇ ತಂದಿದ್ದ. ಬೆಲ್ಲ ಕೊಡದಿದ್ದರೆ ಅಂದಿನ ಪೇಟೆ ಬೆಲೆಯಂತೆ ಹಣ ಕಟ್ಟಬೇಕು, ಅದಕ್ಕೆ ಗದ್ದೆಯೇ ಆಧಾರ ಎಂದು ಕೊನೆಯ ಸಾಲಿನಲ್ಲಿತ್ತು.

"ಕಣ್ಣು ಮುಚ್ಚವ್ವ," ಅಂದರು ಸಾಹೇಬರು. "ಸಂಕ್ರಾಂತಿ ಬಂದದೆ. ಏನು ಕಾಣ್ತದೆ?"

ಜಗುಲಿಯ ಮುಂದಿನ ಹೊಂಗೆಮರದ ನೆರಳು ಅವಳ ಮುಖದ ಮೇಲೆ ಮೆಲ್ಲಗೆ ಅಲ್ಲಾಡುತ್ತಿತ್ತು. "ಆಲೆಮನೆ ಒಗೆ ಕಾಣ್ತದೆ, ಸಾಬ್ರೆ. ಕೊಪ್ಪರಿಗೆ ಉಕ್ತಾ ಅದೆ. ಮಗಳು ಗಂಡನ ಮನೆಯಿಂದ ಬಂದವಳೆ, ಬಿಸಿಬೆಲ್ಲ ಊದ್ಕಂಡು ತಿಂತಾವಳೆ." ಹೇಳುತ್ತಾ ನಗುತ್ತಿದ್ದಳು. ನಿಜ ಹೇಳುತ್ತೇನೆ, ಆ ಬಿರುಬಿಸಿಲಿನಲ್ಲಿ ನನ್ನ ಮೂಗಿಗೂ ಪಾಕದ ವಾಸನೆ ಬಂತು.

"ಈಗ ಕಬ್ಬು ಒಣಗೋಗದೆ ಅನ್ಕೋ," ಅಂದರು ಸಾಹೇಬರು. " ಬೆಲ್ಲ ಇಲ್ಲ. ಪ್ಯಾಟೇಲಿ ಬೆಲೆ ಎರಡರಷ್ಟಾಗದೆ. ಸಾವ್ಕಾರ್ರು ಬಾಗಿಲಲ್ಲಿ ನಿಂತವ್ರೆ."

"ಈಸ್ಕಂಡಿದ್ದ ಮುನ್ನೂರ ವಾಪಸ್ ಕೊಟ್ಟುಬುಡ್ತೀನಿ."

"ಪತ್ರದಲ್ಲಿ ಹಂಗೆ ಬರ್ದಿಲ್ಲ, ತಾಯಿ. ಆರ್ನೂರು ಕೊಡ್ಬೇಕು."

ಅವಳ ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು. "ನನ್ ಗದ್ದೇಲಿ ಬ್ಯಾರೆಯೋರು ಉಳ್ತಾವ್ರೆ, ಸಾಬ್ರೆ. ನಾನು ಬದುವಿನ ಮ್ಯಾಲೆ ನಿಂತಿವ್ನಿ."

ಸಾಹೇಬರು ಮಂಡಿಯವನ ಕಡೆ ತಿರುಗಿದರು. "ನೀವೂ ಒಂದ್ಗಳಿಗೆ ಕಣ್ಣು ಮುಚ್ಚಿ, ಸಾವ್ಕಾರ್ರೆ."

"ನಾನ್ಯಾಕೆ ಮುಚ್ಚಲಿ?" ದೊಡ್ಡಸಿದ್ದಯ್ಯ ಸಿಡುಕಿದ.

"ಹಂಗಾದ್ರೆ ಆ ಕೊನೇ ಸಾಲು ನಾನು ಬರೆಯಕ್ಕಿಲ್ಲ." ಸಾಹೇಬರು ಲೇಖನಿ ಕೆಳಗಿಟ್ಟರು.

ಕಚೇರಿ ಮುಚ್ಚುವ ಹೊತ್ತಿನವರೆಗೆ ಎಳೆದಾಟ ನಡೆಯಿತು. ಸಣ್ಣತಾಯಮ್ಮನೂ ಆ ಸಾಲಿಗೆ ಹೆಬ್ಬೆಟ್ಟು ಒತ್ತಲೊಲ್ಲೆ ಅಂದಳು. ದೊಡ್ಡಸಿದ್ದಯ್ಯನಿಗೂ ಬೆಲ್ಲ ಬೇಕಿತ್ತಲ್ಲ, ಕಡೆಗೆ ಒಪ್ಪಿಕೊಂಡ. ಬೆಲ್ಲ ಬರದಿದ್ದರೆ ಪಡೆದ ಮುನ್ನೂರು ಮಾತ್ರ ವಾಪಸು, ಗದ್ದೆಯ ತಂಟೆಯಿಲ್ಲ ಎಂದು ಬರೆದಾಯಿತು. ಆ ವರ್ಷ ಅವಳ ಕಬ್ಬು ನಿಜಕ್ಕೂ ಕೈಕೊಟ್ಟಿತು. ಎತ್ತು ಮಾರಿ ದುಡ್ಡು ತೀರಿಸಿದಳು, ಗದ್ದೆ ಉಳಿಯಿತು. ಮಂಡಿಯವರು ಮಾತ್ರ ಸಾಹೇಬರ ಚಾಪೆಯ ಕಡೆ ಮತ್ತೆ ಸುಳಿಯಲಿಲ್ಲ. ಸಾಹೇಬರ ಸಂಪಾದನೆ ಕುಗ್ಗಿ, ಅವರ ಹೆಂಡತಿ ಸರ್ವರ್ ಬೇಗಂ ಬೀಡಿ ಕಟ್ಟಿ ಸಂಸಾರ ತೂಗಿಸಿದರು.

ಈಗ ಮುಚ್ಚುಮರೆ ಯಾಕೆ? ಒಂದು ರೂಪಾಯಿಗೆ ದೊಡ್ಡಸಿದ್ದಯ್ಯನಿಗೆ ಆ ಕರಡು ಬರೆದುಕೊಟ್ಟವನು ನಾನೇ. ಅವತ್ತು ಎಲ್ಲರೂ ಹೋದ ಮೇಲೆ ಸಾಹೇಬರು ಅದನ್ನು ನಾಲ್ಕಾಗಿ ಮಡಿಸಿ ನನ್ನ ಕೈಗಿಟ್ಟರು.

"ಅಕ್ಷರ ಚಂದಾಗದೆ, ಶಿವಯ್ಯ," ಅಂದರು, ಅಷ್ಟೇ.

ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ.