ಕಬ್ಬಾಳಿಗೆ ಹೋದಾಗಲೆಲ್ಲ ಹೊಟ್ಟೆ ಉಬ್ಬಿಸಿಕೊಂಡ ಗಿಟಾರ್

ಕೋವಿಡ್ ಮುಗಿದ ಮರುವರ್ಷ ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆಯಿಂದ ನಿವೃತ್ತನಾದೆ. ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆ ಅದು. ಗಿರಾಕಿಯಿಂದ ದೂರು ಬಂದರೆ ಆ ಭಾಗವನ್ನು ಮೇಜಿನ ಮೇಲೆ ಇಟ್ಟುಕೊಂಡು, ಅಳೆದು, ತಪ್ಪು ಎಲ್ಲಿ ಹುಟ್ಟಿತು ಎಂದು ಪತ್ತೆ ಹಚ್ಚುವುದೇ ನನ್ನ ಕೆಲಸ. ಅದನ್ನೇ ವರ್ಷಗಟ್ಟಲೆ ಮಾಡಿದವನಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಮನೆಯಲ್ಲಿ ಕುಕ್ಕರ್ ಒಂದು ಸೀಟಿ ಕಡಿಮೆ ಹೊಡೆದರೂ ನನಗೆ ಕಾರಣ ಬೇಕು. ನಿವೃತ್ತಿಯಾದ ವಾರದಲ್ಲೇ ನನ್ನ ಹೆಂಡತಿ ಶಾರದಾ, "ನೀವು ಷೆಡ್ಡಿಗೆ ಹೋಗಿ ಏನಾದ್ರೂ ಮಾಡ್ಕೊಳ್ಳಿ, ಅಡುಗೆಮನೆ ತಂಟೆಗೆ ಮಾತ್ರ ಬರಬೇಡಿ" ಎಂದು ಅಪ್ಪಣೆ ಕೊಟ್ಟಳು.

ಚನ್ನಪಟ್ಟಣದ ನಮ್ಮ ಮನೆಯ ಹಿಂದೆ ಒಂದು ಷೆಡ್ಡಿದೆ. ಕೆಲಸದಲ್ಲಿದ್ದಾಗಲೇ ರಜಾ ದಿನಗಳಲ್ಲಿ ಅಲ್ಲಿ ಸಣ್ಣ ಅಕೂಸ್ಟಿಕ್ ಗಿಟಾರುಗಳನ್ನು ಮಾಡುತ್ತಿದ್ದೆ. ಅಕೂಸ್ಟಿಕ್ ಎಂದರೆ ಕರೆಂಟಿನ ಹಂಗಿಲ್ಲದೆ, ತನ್ನ ಮರದ ಹೊಟ್ಟೆಯಿಂದಲೇ ದನಿ ಹೊರಡಿಸುವ ಗಿಟಾರ್. ನಾನು ಮಾಡುವುದು ಅದರಲ್ಲೂ ಚಿಕ್ಕದು. ಮಡಿಲಲ್ಲಿ ಕೂಸಿನ ಹಾಗೆ ಕೂರುತ್ತದೆ. ಹೇಳಿಕೊಟ್ಟ ಗುರು ಯಾರೂ ಇಲ್ಲ. ಮುರಿದ ಗಿಟಾರುಗಳನ್ನು ಬಿಚ್ಚಿ ನೋಡಿ, ವಿಡಿಯೊ ನೋಡಿ, ಸಾಕಷ್ಟು ಮರ ಹಾಳು ಮಾಡಿ ಕಲಿತದ್ದು. ಬೆನ್ನಿಗೂ ಪಕ್ಕಗಳಿಗೂ ಹಲಸು, ಮುಂದಿನ ಹಲಗೆಗೆ ಬೆಂಗಳೂರಿನಿಂದ ತರಿಸಿದ ಸ್ಪ್ರೂಸ್ ಎಂಬ ಹಗುರ ಮರ. ಶ್ರುತಿ ಮಾಡುವ ಗುಂಡಿಗಳನ್ನು ಮಾತ್ರ ನಮ್ಮ ಬೀದಿಯ ಬೊಂಬೆ ಮಾಡುವವರ ಹತ್ತಿರ ಆಲೆ ಮರದಲ್ಲಿ ಕಡೆಸಿ, ಅರಗಿನ ಬಣ್ಣ ಹಾಕಿಸುತ್ತೇನೆ. ಚನ್ನಪಟ್ಟಣದಲ್ಲಿ ಇದ್ದುಕೊಂಡು ಅಷ್ಟೂ ಮಾಡದಿದ್ದರೆ ಹೇಗೆ?

ನಾನು ಮಾಡಿದ ಏಳನೇ ಗಿಟಾರ್ ಸವಿತಾ ಎಂಬ ಶಿಕ್ಷಕಿಗೆ. ಆಕೆ ಕನಕಪುರದ ಒಂದು ನರ್ಸರಿ ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ಮನೆ ಕಬ್ಬಾಳಿನ ಹತ್ತಿರ, ಗಂಡನ ಮನೆಯವರು ರೇಷ್ಮೆ ಬೆಳೆಯುವ ಒಕ್ಕಲುತನದವರು. ಸವಿತಾ ಕುಳ್ಳಗಿನ ಹೆಣ್ಣುಮಗಳು. ದೊಡ್ಡ ಗಿಟಾರ್ ಹಿಡಿದು ನೆಲದ ಮೇಲೆ ಕೂತರೆ ಮಕ್ಕಳ ಮುಖವೇ ಕಾಣುವುದಿಲ್ಲ ಎಂದು ನಗುತ್ತ ಹೇಳಿದ್ದರು. ರಾಮನಗರದ ಕಡೆಯ ಒಂದು ವಸತಿ ಶಾಲೆಯಲ್ಲಿ ಸಂಗೀತ ಶಿಕ್ಷಕಿಯ ಹುದ್ದೆ ಖಾಲಿಯಿತ್ತು. ಅಲ್ಲಿ ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು, ವಾದ್ಯವನ್ನು ತಾವೇ ತರಬೇಕು. ಆ ಕೆಲಸದ ಮೇಲೆ ಆಕೆಗೆ ಪ್ರಾಣ. ಸಂಕ್ರಾಂತಿ ಕಳೆದ ಮೇಲೆ ಗಿಟಾರ್ ಒಯ್ದರು.

ಶಿವರಾತ್ರಿಯ ಹೊತ್ತಿಗೆ ದೂರು ಬಂತು. "ಸರ್, ತಂತಿ ಒತ್ತೋಕೇ ಆಗ್ತಿಲ್ಲ. ಬೆರಳೆಲ್ಲ ಬೊಬ್ಬೆ ಬಂದಿದೆ."

ಗಿಟಾರಿನಲ್ಲಿ 'ಆ್ಯಕ್ಷನ್' ಎಂಬುದೊಂದಿದೆ. ತಂತಿಗೂ ಅದರ ಕೆಳಗೆ ಬೆರಳೊತ್ತುವ ಪಟ್ಟಿಗೂ ನಡುವಿನ ಎತ್ತರ ಅದು. ನಾನು ಕೊಟ್ಟಾಗ ಮೂರು ಮಿಲಿಮೀಟರ್ ಇತ್ತು, ಈಗ ಐದು ದಾಟಿತ್ತು. ಮುಂದಿನ ಹಲಗೆಯ ಮೇಲೆ ಅಂಗೈ ಆಡಿಸಿದರೆ ಉಬ್ಬು ತಿಳಿಯುತ್ತಿತ್ತು. ಊಟ ಹೆಚ್ಚಾದವರ ಹೊಟ್ಟೆಯಂತೆ ಉಬ್ಬಿ, ತಂತಿಗಳನ್ನೆಲ್ಲ ಮೇಲಕ್ಕೆತ್ತಿತ್ತು. ಒಳಗಿನ ಅಂಟು ಬಿಟ್ಟಿದೆಯೋ ಎಂದು ಕನ್ನಡಿ ಹಾಕಿ ನೋಡಿದೆ. ಏನೂ ಬಿಟ್ಟಿರಲಿಲ್ಲ. ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಷೆಡ್ಡಿನಲ್ಲಿ ನೇತುಹಾಕಿದೆ. ಆ ವಾರ ಕಳೆಯುವಷ್ಟರಲ್ಲಿ ಅದು ತಾನಾಗಿಯೇ ಸರಿಹೋಗಿತ್ತು.

ಸವಿತಾ ಒಯ್ದರು. ಹದಿನೈದು ದಿನಕ್ಕೆ ಮತ್ತೆ ಬಂದರು, ಮತ್ತೆ ಅದೇ ಕಥೆ. ನನ್ನ ಷೆಡ್ಡಿನಲ್ಲಿ ಮತ್ತೆ ತಾನಾಗಿಯೇ ಇಳಿಯಿತು. ಶಾರದಾ ಟೀ ತಂದಿಟ್ಟು, "ಅದಕ್ಕೆ ಗಂಡನ ಮನೆ ಒಗ್ತಿಲ್ಲ ಕಣ್ರೀ, ತವರಿಗೆ ಬಂದ್ರೆ ಹುಷಾರಾಗುತ್ತೆ" ಎಂದು ಛೇಡಿಸಿದಳು. ನನಗೆ ನಗು ಬರಲಿಲ್ಲ. ಕಾರಣ ಗೊತ್ತಿಲ್ಲದೆ ಸರಿಹೋದ ವಸ್ತುವನ್ನು ನಾನು ಕಾರ್ಖಾನೆಯಲ್ಲಿ ಎಂದೂ ಹೊರಗೆ ಬಿಟ್ಟವನಲ್ಲ.

ಮೂರನೇ ಸಲ ಬಂದಾಗ ಸವಿತಾ ಅವರ ಮುಖ ಬಾಡಿಹೋಗಿತ್ತು. ಪಾಠ ಮಾಡಿ ತೋರಿಸುವ ದಿನ ಗೊತ್ತಾಗಿತ್ತು. ಇನ್ನು ಮೂರು ವಾರ ಉಳಿದಿತ್ತು. ಷೆಡ್ಡಿನ ಬಾಗಿಲಲ್ಲೇ ನಿಂತು, ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಅನುಮಾನಿಸಿ, ಕೊನೆಗೆ ಹೇಳಿಬಿಟ್ಟರು.

"ನಮ್ಮತ್ತೆಗೆ ಇದು ಕಂಡ್ರೆ ಆಗಲ್ಲ ಸರ್. ತಂದ ದಿನವೇ ನಾಲ್ಕು ಜನರ ಮುಂದೆ, ಮನೇಲಿ ಹುಳಕ್ಕೆ ಸೊಪ್ಪು ಹಾಕೋರಿಲ್ಲ, ಇವಳಿಗೆ ಪಿಟೀಲು ಬೇರೆ ಕೇಡು ಅಂದ್ರು. ನಾನು ಸ್ಕೂಲಿಗೆ ಹೋದ ಮೇಲೆ ಅವರೇ ಏನೋ ಮಾಡ್ತಾರೆ. ಒಂದಿನ ಸಂಜೆ ಬಂದು ನೋಡಿದ್ರೆ ನಾನಿಟ್ಟ ಕಡೆಗೆ ಮುಖ ಇರಲಿಲ್ಲ, ತಿರುಗಿತ್ತು."

ಹೀಗೆ ಹೇಳುವಾಗ ಆಕೆಯ ಕಣ್ಣಲ್ಲಿ ನೀರಿತ್ತು. ನನಗೂ ಆ ಅತ್ತೆಯ ಮೇಲೆ ಸಿಟ್ಟು ಬಂತು. ಆದರೂ ಹಳೆಯ ವೃತ್ತಿಯ ಬುದ್ಧಿ ಬಿಡಬೇಕಲ್ಲ. "ನೋಡದೆ ಯಾರ ಮೇಲೂ ಹಾಕಬಾರದಮ್ಮ. ಒಂದು ವಾರ ಅವಕಾಶ ಕೊಡಿ" ಎಂದೆ. ಹಲಗೆ ಉಬ್ಬುವುದು ತೇವದಿಂದ. ಗಾಳಿಯಲ್ಲಿರುವ ತೇವವನ್ನು ಗಂಟೆಗೊಮ್ಮೆ ಅಳೆದು ನೆನಪಿಟ್ಟುಕೊಳ್ಳುವ, ಮೊಬೈಲಿನಲ್ಲಿ ನಕ್ಷೆ ತೋರಿಸುವ ಪುಟ್ಟ ಬಿಲ್ಲೆಯೊಂದು ಸಿಗುತ್ತದೆ. ಅದನ್ನು ಗಿಟಾರಿನ ಹೊಟ್ಟೆಯೊಳಗೆ ಅಂಟಿಸಿ ಕಳಿಸಿದೆ.

ವಾರದ ನಂತರ ಸವಿತಾ ಗಿಟಾರ್ ತಂದಾಗ ನಕ್ಷೆ ತೆರೆದರೆ ನನಗೆ ಕುತೂಹಲದಿಂದ ಕೂರಲಾಗಲಿಲ್ಲ. ರಾತ್ರಿಯೆಲ್ಲ ತೇವ ನೂರಕ್ಕೆ ನಲವತ್ತರ ಆಸುಪಾಸು. ಬೆಳಿಗ್ಗೆ ಒಂಬತ್ತು ದಾಟುತ್ತಿದ್ದಂತೆ ಜರ್ರನೆ ಏರಿ ಎಂಬತ್ತು ಮೀರುತ್ತಿತ್ತು. ಸಂಜೆ ನಾಲ್ಕರ ನಂತರ ಮತ್ತೆ ಇಳಿಮುಖ. ಬೇಸಿಗೆಯಲ್ಲಿ, ಅದೂ ಬಿಸಿಲೇರುವ ಹೊತ್ತಿನಲ್ಲಿ, ಗಾಳಿ ಒಣಗಬೇಕೇ ಹೊರತು ಒದ್ದೆಯಾಗುವುದು ಹೇಗೆ? ಇನ್ನೂ ವಿಚಿತ್ರವೆಂದರೆ ಭಾನುವಾರ ಗೆರೆ ಅಲುಗಾಡಿರಲಿಲ್ಲ. ಭಾನುವಾರ ಸವಿತಾ ಮನೆಯಲ್ಲಿರುತ್ತಾರೆ. ಅಂದರೆ ಆಕೆ ಇಲ್ಲದ ದಿನಗಳಲ್ಲಷ್ಟೇ ಯಾರೋ ಗಿಟಾರನ್ನು ಒದ್ದೆ ಜಾಗಕ್ಕೆ ಒಯ್ದು, ಆಕೆ ಬರುವ ಮೊದಲು ತಂದಿಡುತ್ತಿದ್ದಾರೆ.

ಸವಿತಾ ನಕ್ಷೆ ನೋಡಿದರು. "ನಾನು ಹೇಳಲಿಲ್ವಾ ಸರ್" ಎಂದಷ್ಟೇ ಅಂದರು. ಮೊಬೈಲನ್ನು ನನ್ನ ಕೈಗೆ ಕೊಟ್ಟು, "ನೀವೇ ಒಂದ್ಸಲ ಹೋಗಿ ನೋಡಿ. ನಾನಿದ್ರೆ ಏನೂ ಗೊತ್ತಾಗಲ್ಲ" ಎಂದರು.

ಹಾಗಾಗಿ ಒಂದು ಬುಧವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಸಾತನೂರು ರಸ್ತೆ ಹಿಡಿದು ಹೊರಟೆ. ಮನೆ ತಲುಪಿದಾಗ ಹನ್ನೊಂದಾಗಿತ್ತು. ಹಂಚಿನ ಹಳೇ ಮನೆ, ಅದಕ್ಕೆ ಸೇರಿಸಿ ಕಟ್ಟಿದ ಶೀಟಿನ ಒಂದು ಕೋಣೆ, ಅಂಗಳದಾಚೆ ರೇಷ್ಮೆ ಹುಳು ಸಾಕುವ ಮನೆ. ಹುಳುಮನೆಯ ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಕತ್ತರಿಸುತ್ತಿದ್ದ ಹೆಂಗಸು ತಲೆಯೆತ್ತಿದರು. ಅವರೇ ಸವಿತಾ ಅವರ ಅತ್ತೆ ನಿಂಗಮ್ಮ. ನನ್ನದೇ ವಯಸ್ಸಿರಬಹುದು.

"ಅಲ್ಲೇ ನಿಂತ್ಕಳಿ. ಅದೇನ್ ವಾಸ್ನೆ ನಿಮ್ ಮೈಮ್ಯಾಲೆ?" ಎಂದರು.

ಬೆಳಿಗ್ಗೆ ಇನ್ನೊಂದು ಗಿಟಾರಿಗೆ ಸ್ಪಿರಿಟ್ ಪಾಲಿಶ್ ಹಚ್ಚಿ ಬಂದಿದ್ದೆ. ಹಾಗೆಂದು ಹೇಳಿದೆ.

"ಹುಳ ಎರಡ್ನೇ ಜ್ವರದಿಂದ ಈಗ್ ಎದ್ದವೆ. ಈ ವಾಸ್ನೆ ತಾಕುದ್ರೆ ಸೊಪ್ಪು ಮುಟ್ಟಕಿಲ್ಲ. ತೊಟ್ಟಿತಾವ ಕೈಕಾಲ್ ತೊಳ್ಕಂಡ್ ಬನ್ನಿ."

ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ದಿನಗಳಲ್ಲಿ ಹುಳುಮನೆಗೆ ಹೊರಗಿನವರಿಗೆ ಪ್ರವೇಶವಿಲ್ಲ. ಗಂಧದಕಡ್ಡಿ, ಬೀಡಿ, ಹೂವಿನ ಸೆಂಟು, ಯಾವುದೂ ಕೂಡದು. ಕೈ ತೊಳೆದು ಬಂದರೂ ನಿಂಗಮ್ಮ ಒಳಗೆ ಬಿಡಲಿಲ್ಲ. ಸೊಳ್ಳೆಪರದೆ ಬಡಿದ ಕಿಟಕಿಯಿಂದ ಬೇಕಾದರೆ ನೋಡಿ ಎಂದರು. ಬಗ್ಗಿ ನೋಡಿದೆ. ಬಿಸಿಲಿನ ಝಳ ತಡೆಯಲು ಗೋಡೆಯುದ್ದಕ್ಕೂ ಒದ್ದೆ ಗೋಣಿತಟ್ಟು ಇಳಿಬಿಟ್ಟಿದ್ದರು. ಹುಳುಗಳ ತಟ್ಟೆಗಳ ಸಾಲಿನ ನಡುವೆ, ತೊಲೆಗೆ ಕಟ್ಟಿದ ಒಗೆದ ಹತ್ತಿ ಸೀರೆಯ ಜೋಲಿಯಲ್ಲಿ, ನನ್ನ ಏಳನೇ ಗಿಟಾರ್ ತೂಗುತ್ತಿತ್ತು.

ಕಿಟಕಿಯಿಂದ ಈಚೆ ಸರಿದು, "ಆ ಗಿಟಾರ್ ಮಾಡಿದವನು ನಾನೇ ಕಣಮ್ಮ. ಅದನ್ನ ಇಲ್ಲಿ ಯಾಕೆ ಹಾಕಿದ್ದೀರಿ?" ಎಂದು ಕೇಳಿದೆ.

ನಿಂಗಮ್ಮ ರಸ್ತೆಯ ಕಡೆ ಒಮ್ಮೆ ನೋಡಿದರು, ಸವಿತಾ ಎಲ್ಲಿ ಬಂದುಬಿಡುತ್ತಾರೋ ಎಂಬಂತೆ.

"ಅವ್ಳ್ ಕ್ವಾಣೆಗೆ ಶೀಟ್ ಆಕವ್ರೆ ಕಣಣ್ಣ. ಮಧ್ಯಾನ ಕಾದ ಹೆಂಚಾಯ್ತದೆ. ಓದ್ ಬ್ಯಾಸ್ಗೇಲಿ ಮರದ್ ಬೀರು ಬಾಗ್ಲೇ ಸೀಳ್ಕಂಬುಡ್ತು. ಇದು ಅಪ್ಪಳದಂಗೈತೆ, ಉಳ್ದಾತಾ? ನಮ್ ಮನೇಲಿ ಒಸಿ ತಂಪಾಗಿರದು ಹುಳದ್ ಮನೆ ಒಂದೇಯ. ಇಲಿ ಬರಾಕಿಲ್ಲ, ಮಕ್ಳು ಬರಾಕಿಲ್ಲ. ಅದ್ಕೆ ಅವ್ಳು ಇಸ್ಕೂಲಿಗೋದ್ ಮ್ಯಾಲೆ ತಂದ್ ತೂಗಾಕಿ, ಬರೋ ಒತ್ಗೆ ಅಲ್ಲೇ ಮಡಗ್ಬುಡ್ತೀನಿ."

"ಸೊಸೆಗೆ ಹೇಳಿಲ್ಲವಾ?"

"ತಂದ್ ದಿನ ಎಲ್ರ ಮುಂದೆ ಬೋದ್ಬುಟ್ಟಿದ್ದೆ. ಆಮೇಲ್ ನಾನೇ ಜ್ವಾಪಾನ ಮಾಡ್ತಿವ್ನಿ ಅಂತ ಯೆಂಗ್ ಯೋಳ್ಳಿ?"

ನಾನು ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟೆ. ಸಿಟ್ಟು ಹೊತ್ತುಕೊಂಡು ಬಂದವನು ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಕೂತಿದ್ದೆ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದೆ. ಹುಳಕ್ಕೆ ಹಿತವಾದ ತೇವ ಈ ಹಲಗೆಗೆ ಆಗದು, ಅದನ್ನು ಕುಡಿದೇ ಉಬ್ಬುತ್ತಿದೆ, ತಂತಿ ಏರುತ್ತಿದೆ, ಹೀಗೇ ಆದರೆ ಪಾಠದ ದಿನ ಅವರು ನುಡಿಸಲಾರರು ಎಂದೆ. ಸೊಸೆಯ ಅನುಮಾನವನ್ನೂ ಮುಚ್ಚಿಡಲಿಲ್ಲ. ಅದನ್ನು ಹೇಳದಿದ್ದರೆ ಅರ್ಧ ದೂರನ್ನಷ್ಟೇ ಬಿಡಿಸಿದಂತೆ.

"ಅಂಗಂದ್ಲಾ?" ಎಂದರು ನಿಂಗಮ್ಮ. ಕೈಲಿದ್ದ ಸೊಪ್ಪನ್ನು ಕೆಳಗಿಟ್ಟರು. "ನೀವ್ ಯೋಳ್ಬ್ಯಾಡಿ. ಯೋಳದಾದ್ರೆ ನಾನೇ ಯೋಳ್ತೀನಿ."

ಆಗಲಿ ಎಂದೆ. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ನಿಂಗಮ್ಮನ ಅರ್ಧ ಲೆಕ್ಕ ಸರಿಯಾಗಿಯೇ ಇತ್ತು. ಉಬ್ಬಿದ ಗಿಟಾರನ್ನು ತೆಗೆದು ಶೀಟಿನ ಕೋಣೆಯಲ್ಲಿ ಬಿಟ್ಟರೆ ಆ ಬಿಸಿಗೆ ಸರ್ರನೆ ಒಣಗಿ ಹಲಗೆ ಸೀಳುವುದು ಖಂಡಿತ. ನನ್ನ ಷೆಡ್ಡಿಗೇ ಒಯ್ದುಬಿಡೋಣವೆಂದರೆ, ಸವಿತಾ ದಿನಾ ಸಂಜೆ ಅದರಲ್ಲೇ ಅಭ್ಯಾಸ ಮಾಡಬೇಕು. ಮೂರನೆಯ ಜಾಗ ಹುಡುಕಬೇಕಿತ್ತು. ನಾವಿಬ್ಬರೂ ಮನೆಯೆಲ್ಲ ಸುತ್ತಿದೆವು. ಹಂಚಿನ ಕೆಳಗಿನ ನಡುಮನೆ ನನಗೆ ಹಿಡಿಸಿತು. ಅಲ್ಲಿ ಬಿಸಿಲೂ ಇಲ್ಲ, ಒದ್ದೆಯೂ ಇಲ್ಲ. "ಅಲ್ಲಿ ರಾಗಿ ಮೂಟೆ ಅವೆ, ಇಲಿ ಬಿಟ್ಟಾತಾ?" ಎಂದು ನಿಂಗಮ್ಮ ತಕರಾರು ತೆಗೆದರು. ಅದಕ್ಕೆ ನಾನು ಮರುದಿನವೇ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ ತಂದೆ. ಪೆಟ್ಟಿಗೆಯೊಳಗಿದ್ದರೆ ಇಲಿಯ ಭಯವಿಲ್ಲ, ಮರವೂ ನಿಧಾನಕ್ಕೆ ಒಣಗುತ್ತದೆ. ಜೊತೆಗೆ ತೇವದ ಅಂಕಿ ತೋರಿಸುವ ಸಣ್ಣ ಮೀಟರ್ ಇಟ್ಟೆ. ಹುಳುಮನೆಯಲ್ಲಿ ಅಂಥದ್ದನ್ನೇ ನೋಡಿ ನಿಂಗಮ್ಮನಿಗೆ ರೂಢಿಯಿತ್ತು.

ಸವಿತಾಗೆ ಫೋನ್ ಮಾಡಿ, ಜಾಗ ಸರಿಯಿರಲಿಲ್ಲ, ಬದಲಾಯಿಸಿದ್ದೇನೆ, ಉಳಿದದ್ದನ್ನು ಆಮೇಲೆ ಕೇಳಿ ಎಂದೆ. ಆಕೆ ಒತ್ತಾಯಿಸಲಿಲ್ಲ, ದನಿಯಲ್ಲಿ ಅನುಮಾನ ಹಾಗೇ ಇತ್ತು. ಅಂದಿನಿಂದ ದಿನಾ ಮಧ್ಯಾಹ್ನ ನಿಂಗಮ್ಮನ ಫೋನ್ ಬರತೊಡಗಿತು. "ಇವತ್ತು ಅರವತ್ತಾರು ಕಣಣ್ಣ." "ಇವತ್ತು ಐವತ್ತೆಂಟು, ಒಸಿ ಜಾಸ್ತಿ ಇಳೀತಾ?" ಒಂದು ದಿನ ಫೋನ್ ತಡವಾದರೆ ನಾನೇ ಚಡಪಡಿಸುತ್ತಿದ್ದೆ. ಶಾರದಾ, "ಕಾರ್ಖಾನೇಲಿ ಇದ್ದಾಗಲೂ ನೀವು ಇಷ್ಟು ಫೋನ್‌ಗೆ ಕಾದೋರಲ್ಲ" ಎಂದಳು. ಐವತ್ತಕ್ಕೆ ಬಂದು ನಿಂತ ಮೇಲೆ ಒಂದು ಭಾನುವಾರ ಹೋಗಿ ಅಳೆದೆ. ಆ್ಯಕ್ಷನ್ ಮೂರು ಮಿಲಿಮೀಟರಿಗೆ ಬಂದಿತ್ತು, ಹಲಗೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಸವಿತಾ ಅಲ್ಲೇ ಕೂತು ಮಕ್ಕಳ ಹಾಡೊಂದನ್ನು ನುಡಿಸಿ ತೋರಿಸಿದರು. ನಿಂಗಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅವರಿನ್ನೂ ಸೊಸೆಗೆ ಹೇಳಿಲ್ಲವೆಂದು ನನಗೆ ಅರ್ಥವಾಯಿತು.

ಪಾಠದ ದಿನ ನನಗೆ ಯಾವ ಕೆಲಸವೂ ಹತ್ತಲಿಲ್ಲ. ಸಂಜೆ ಸವಿತಾ ಫೋನ್ ಮಾಡಿದರು. ಕೆಲಸ ಸಿಕ್ಕಿತ್ತು, ಜೂನ್‌ನಿಂದ ಬನ್ನಿ ಎಂದಿದ್ದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಗಿಟಾರ್ ಹೇಗೆ ನುಡಿಯಿತು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಬೇರೆ ವಿಷಯ ತೆಗೆದರು.

"ಬೆಳಿಗ್ಗೆ ಅತ್ತೆ ಪೆಟ್ಟಿಗೆ ತಾವೇ ಹೊತ್ಕೊಂಡು ಬಸ್ ಸ್ಟ್ಯಾಂಡಿಗೆ ಬಂದ್ರು ಸರ್. ಬಸ್ ತಿರುವಿನಲ್ಲಿ ಕಾಣಿಸಿದ ಮೇಲೆ ಹೇಳಿದ್ರು. ಕೆಡಿಸಿದ್ದು ನಾನೇ ಕಣವ್ವ, ಕಾಯಾಕೋಗಿ ಕೆಡಿಸ್ಬುಟ್ಟೆ ಅಂತ."

"ನೀವೇನಂದ್ರಿ?"

"ನಾನು ಆ ಬಸ್ ಹತ್ತಲಿಲ್ಲ ಸರ್. ಅತ್ತೆ ಜೊತೆ ಅಲ್ಲೇ ಕಲ್ಲಿನ ಮೇಲೆ ಕೂತ್ಕೊಂಡೆ. ಮುಂದಿನ ಬಸ್ಸಿಗೆ ಹೋದೆ."

ವಸ್ತು ಕೆಟ್ಟು ಬಂದರೆ ಯಾರು ಕೆಡಿಸಿದರು ಎಂದು ಕೇಳುವುದನ್ನೇ ಕಾರ್ಖಾನೆ ನನಗೆ ಕಲಿಸಿತ್ತು. ಷೆಡ್ಡಿನ ಕೆಲಸ ಕಲಿಸಿದ್ದು ಬೇರೆ. ಈಗ ಯಾರಾದರೂ ಕೆಟ್ಟ ಗಿಟಾರ್ ಹಿಡಿದು ಬಂದರೆ, ಮನೆಯಲ್ಲಿ ಇದನ್ನು ಜೋಪಾನ ಮಾಡುವವರು ಯಾರು ಎಂದು ಮೊದಲು ಕೇಳುತ್ತೇನೆ, ಆಮೇಲಷ್ಟೇ ಅಳತೆಪಟ್ಟಿ ಕೈಗೆತ್ತಿಕೊಳ್ಳುತ್ತೇನೆ.