ಕಷಾಯದ ಪ್ರಶ್ನೆ

ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಕೋಣೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಪ್ರತಿಸಲವೂ ಎರಡು ಪ್ರಶ್ನೆ ಕೇಳುತ್ತಿದ್ದರು. ಮೊದಲು, "ಜ್ವರ ಉಂಟಾ?" ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, "ಈ ವಾರ ಕಷಾಯ ಕುಡಿದದ್ದುಂಟಾ?"

ನನ್ನ ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ; ಹಿಂದೊಮ್ಮೆ ಕಾಲು ಸೋತಿತ್ತು. ಆರು ತಿಂಗಳಿಗೊಮ್ಮೆ ಆ್ಯಂಟಿಬಾಡಿ ಔಷಧದ ಡ್ರಿಪ್ ಹಾಕಿಸಲು ಅಳದಂಗಡಿಯಿಂದ ಅವಳನ್ನು ಕರೆತರುವವನು ನಾನು. ಎರಡನೆಯ ಪ್ರಶ್ನೆಗೆ ಆಧಾರವೇನು ಎಂದು ಸಿಸ್ಟರನ್ನು ಕೇಳಿದ್ದೆ. "ಉತ್ತರ ಬರ್ತದಲ್ಲ, ಸಾಕು" ಎಂದಿದ್ದರು.

ಒಂದು ಸಲ ಅಕ್ಕ ಮೊದಲನೆಯದಕ್ಕೆ "ಇಲ್ಲ" ಎಂದಳು. ಎರಡನೆಯದಕ್ಕೆ, "ಮೂರು ದಿನದಿಂದ ಕುಡೀತಾ ಇದ್ದೇನೆ. ಸ್ವಲ್ಪ ಮೈ ಬಿಸಿ, ಅಷ್ಟೇ." ಕಷಾಯದಲ್ಲೇ ಮುಗಿಯುವುದನ್ನು ನಮ್ಮ ಮನೆಗಳಲ್ಲಿ ಯಾರೂ ಜ್ವರ ಎನ್ನುವುದಿಲ್ಲ.

ಸಿಸ್ಟರ್ ಥರ್ಮಾಮೀಟರ್ ಇಟ್ಟು ನೋಡಿದರು. ಸಣ್ಣ ಜ್ವರ ಇತ್ತು. ಡಾಕ್ಟರಿಗೆ ಫೋನ್ ಮಾಡಿದರು, ಸೂಜಿಯನ್ನು ಟ್ರೇಯಲ್ಲೇ ಬಿಟ್ಟರು. "ಈ ಔಷಧ ಮೈಯ ನಿರೋಧಕ ಶಕ್ತಿ ತಗ್ಗಿಸ್ತದೆ. ಸೋಂಕು ಇರುವಾಗ ಕೊಟ್ಟರೆ ಸೋಂಕು ಜೋರಾಗ್ತದೆ. ಗುಣವಾದ ಮೇಲೆ ಬನ್ನಿ."

ನಾನು ಬಿಡಲಿಲ್ಲ. ಡ್ರಿಪ್ ತಡವಾಗಿ ಅಕ್ಕನ ಕಾಲು ಮತ್ತೆ ಸೋತರೆ ಹೊಣೆ ಯಾರದು ಎಂದು ಹತ್ತು ನಿಮಿಷ ವಾದಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ವಾದದಲ್ಲಿ ನೀವೇ ಗೆದ್ದಿರಿ ಮಾರಾಯ್ರೆ. ಡ್ರಿಪ್ ಇವತ್ತಿಲ್ಲ."

ಮರುದಿನ ಅಕ್ಕನ ಜ್ವರ ಏರಿತು. ಪರೀಕ್ಷೆಯಲ್ಲಿ ಮೂತ್ರದ ಸೋಂಕು ಕಂಡಿತು. ಅದು ಗುಣವಾದ ಮೇಲೆಯೇ ಡ್ರಿಪ್ ಆಯಿತು, ಕಾಲಿಗೇನೂ ಆಗಲಿಲ್ಲ.

ಆ ಸಿಸ್ಟರ್ ಈಗ ಅಲ್ಲಿಲ್ಲ. ಕಳೆದ ವಾರ ಹೊಸಬರು "ಜ್ವರ ಉಂಟಾ?" ಎಂದು ಕೇಳಿದರು. ಅಕ್ಕ "ಇಲ್ಲ" ಎಂದಳು. ಅವರು ಸೂಜಿ ಕೈಗೆತ್ತಿಕೊಂಡರು.

"ಒಂದು ನಿಮಿಷ ಸಿಸ್ಟರ್" ಎಂದು ನಾನು ಅಕ್ಕನ ಕಡೆ ತಿರುಗಿದೆ. "ಕಷಾಯ?"