ಎರಡನೆಯ ಗಂಟೆ

ಗಂಟೆ ಹೊಡೆದಾದ ಮೇಲೆ ಅವರು ಎಡ ಅಂಗೈಯನ್ನು ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತಿದ್ದರು. ಗಂಟೆಯೆಂದರೆ ಶಾಲೆಯ ಜಗಲಿಯಲ್ಲಿ ತೂಗುಹಾಕಿದ ಮೊಳದುದ್ದದ ರೈಲು ಕಂಬಿ. ಅದರ ನಡುಕ ಪೂರ್ತಿ ನಿಲ್ಲುವ ತನಕ ಕೈ ತೆಗೆಯುತ್ತಿರಲಿಲ್ಲ. ವರ್ಷಗಟ್ಟಲೆ ಒತ್ತಿ ಒತ್ತಿ ಅಂಗೈಯ ನಡುವೆ ತುಕ್ಕಿನ ಬಣ್ಣದ ಗೆರೆಯೊಂದು ಕೂತುಬಿಟ್ಟಿತ್ತು.

ಅವರು ನಮ್ಮ ಹೈಸ್ಕೂಲಿನ ಜವಾನರು. ಮನೆಮಾತು ಬ್ಯಾರಿ. ನಾವು ಕಾಕ ಎನ್ನುತ್ತಿದ್ದೆವು. ಅವರು ನಮ್ಮನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ನಾನು 'ಪಂಜ'. ಪಂಜದ ಕಡೆಯಿಂದ ತೋಡು, ಹಳ್ಳ ದಾಟಿ ಐದು ಮೈಲಿ ನಡೆದು ಬರುತ್ತಿದ್ದವನು ನಾನೊಬ್ಬನೇ.

ಒಂಬತ್ತೂಮುಕ್ಕಾಲಿಗೆ ಮೊದಲನೆಯ ಗಂಟೆ, ಹತ್ತಕ್ಕೆ ಎರಡನೆಯದು. ಎರಡನೆಯದು ಆದ ಮೇಲೆ ಬಂದವನು ಮಧ್ಯಾಹ್ನದವರೆಗೆ ಹೊರಗೆ ನಿಲ್ಲಬೇಕು. ಕಾಕ ಸುತ್ತಿಗೆ ಹಿಡಿದು ರಸ್ತೆಯ ತಿರುವು ನೋಡುತ್ತಿದ್ದರು. ಅಲ್ಲಿ ನನ್ನ ತಲೆ ಕಂಡರೆ, ನಾನು ಅಂಗಳ ಮುಟ್ಟುವ ತನಕ ಅವರ ಕೈ ಏಳುತ್ತಿರಲಿಲ್ಲ. ಮಾಷ್ಟ್ರುಗಳಿಗೆ ಕೇಳುವಷ್ಟು ಗಟ್ಟಿಯಾಗಿ, "ಎಂತ ಪಂಜ, ತೋಡಲ್ಲಿ ನೀರು ಜಾಸ್ತಿ ಉಂಟಾ?" ಎನ್ನುತ್ತಿದ್ದರು. ನಾನು ತಲೆಯಾಡಿಸಿದರೆ ಸಾಕು.

ಹತ್ತನೆಯ ತರಗತಿಯ ಮಳೆಗಾಲದಲ್ಲಿ ಒಂದು ದಿನ ತೋಡು ದಾಟುವ ಮರದ ಸಂಕ ಕೊಚ್ಚಿಹೋಗಿತ್ತು. ಸುತ್ತು ಬಳಸಿ ಓಡಿ ಬಂದೆ. ಆ ದಿನವೇ ಶಾಲೆ ನೋಡಲು ಇನ್ಸ್‌ಪೆಕ್ಟರ್ ಬಂದಿದ್ದರು. ನಾನು ಜಗಲಿ ಹತ್ತಿದ ಮೇಲೆ ಗಂಟೆಯಾಯಿತು. ಹೆಡ್‌ಮಾಷ್ಟ್ರು ಹೊರಗೆ ಬಂದರು.

"ಏಳು ನಿಮಿಷ ತಡ. ಯಾರಿಗೆ ಕಾದದ್ದು?"

"ಯಾರಿಗೂ ಅಲ್ಲ ಸಾರ್. ಕಣ್ಣು ಮಂಜಾಗಿದೆ. ಗಡಿಯಾರದ ಮುಳ್ಳು ಸರಿ ಕಾಣ್ಲಿಲ್ಲ."

"ಕಣ್ಣು ಕಾಣದವನ ಕೈಯಲ್ಲಿ ಗಂಟೆ ಯಾಕೆ?"

ನಾನು ಅವರಿಂದ ಮೂರು ಮಾರು ದೂರದಲ್ಲಿ, ಕಂಬದ ಪಕ್ಕ ನಿಂತಿದ್ದೆ. ನನ್ನ ಚಡ್ಡಿಯಿಂದ ನೀರು ಸುರಿಯುತ್ತಿತ್ತು. 'ನನಗೆ ಕಾದದ್ದು' ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಕಾಕ ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

ಮರುದಿನದಿಂದ ಗಂಟೆ ಬೇರೆಯವರ ಕೈಗೆ ಹೋಯಿತು. ಕಾಕನಿಗೆ ಬಾವಿಯಿಂದ ನೀರು ಹೊರುವ ಕೆಲಸ. ಮಧ್ಯಾಹ್ನ ಕೊಡಪಾನದ ಪಕ್ಕ ಕೂತು ಮಕ್ಕಳ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಆ ವರ್ಷ ಉಳಿದ ದಿನಗಳಲ್ಲಿ ನಾನು ಶಾಲೆಯಲ್ಲಿ ನೀರು ಕುಡಿಯಲಿಲ್ಲ.

ಹತ್ತು ವರ್ಷ ಕಳೆಯಿತು. ನಾನು ಪುತ್ತೂರಿನ ಒಂದು ಜವಳಿ ಅಂಗಡಿಯಲ್ಲಿದ್ದೆ. ಹಳೆಯ ವಿದ್ಯಾರ್ಥಿಗಳ ಕೂಟ, ಹತ್ತಕ್ಕೆ ಗಂಟೆ ಹೊಡೆದು ಶುರು ಎಂದು ಕಾರ್ಡು ಬಂತು. ಬರುತ್ತೇನೆ ಎಂದು ಉತ್ತರ ಬರೆದುಬಿಟ್ಟೆ. ಆಮೇಲೆ ಗೊತ್ತಾಯಿತು, ಆ ಒಂದು ದಿನಕ್ಕೆ ಗಂಟೆ ಹೊಡೆಯುವವರು ಕಾಕನೇ ಎಂದು. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

"ನಿಮ್ಮ ಕ್ಲಾಸಿನವರೇ ಅಲ್ವಾ? ಹೆದರ್ಲಿಕ್ಕೆ ಎಂತ ಉಂಟು?" ಎಂದಳು ಹೆಂಡತಿ. ಅವಳಿಗೂ ನಾನು ಹೇಳಿರಲಿಲ್ಲ.

ಬಸ್ಸು ಇಳಿದವನು ಶಾಲೆಗೆ ಹೋಗಲಾರದೆ ಎದುರಿನ ಹೋಟೆಲಿನಲ್ಲಿ ಕೂತೆ. ಚಾ ತಣ್ಣಗಾಯಿತು. ಹತ್ತಾಯಿತು, ಹತ್ತೂಕಾಲಾಯಿತು. ಗಂಟೆ ಕೇಳಲಿಲ್ಲ. ಹಿಂದಿರುಗುವ ಬಸ್ಸು ಎಷ್ಟಕ್ಕೆ ಎಂದು ಕೇಳಬೇಕು ಅನ್ನುವಾಗ, ಶಾಲೆಯ ಕಡೆಯಿಂದ ಒಬ್ಬರು ಬೆವರು ಒರೆಸುತ್ತಾ ಬಂದು ಹೋಟೆಲಿನವರಲ್ಲಿ ದೂರು ಹೇಳತೊಡಗಿದರು:

"ಆ ಮುದುಕನಿಗೆ ಎಂತ ಹೇಳುದು ಮಾರಾಯ್ರೆ! ಅಧ್ಯಕ್ಷರು ಬಂದು ಕೂತಾಯ್ತು. ಇವರು ಸುತ್ತಿಗೆ ಕೊಡುದಿಲ್ಲ, ಹೊಡಿಯುದೂ ಇಲ್ಲ. 'ಪಂಜ ಬರ್ಲಿಕ್ಕೆ ಉಂಟು' ಅಂತ ಒಂದೇ ಹಟ. ಅದ್ಯಾರು ಪಂಜವೋ!"

ನಾನು ಎದ್ದೆ. ಅಂಗಳ ದಾಟಿದೆ. ಕಾಕ ಜಗಲಿಯಲ್ಲಿ ನಿಂತಿದ್ದರು, ಗಡ್ಡ ಪೂರ್ತಿ ಬೆಳ್ಳಗೆ. ಅದು ಮಾರ್ಚ್ ತಿಂಗಳು; ತೋಡುಗಳಲ್ಲಿ ಬರೀ ಕಲ್ಲು.

"ಎಂತ ಪಂಜ," ಎಂದರು ಗಟ್ಟಿಯಾಗಿ, "ತೋಡಲ್ಲಿ ನೀರು ಜಾಸ್ತಿ ಉಂಟಾ?"

ಸುತ್ತಿಗೆ ಎತ್ತಿ ಹೊಡೆದರು. ಅಂಗೈ ಒತ್ತಿ ಹಿಡಿದರು.

ಒಳಗೆ ಒಬ್ಬೊಬ್ಬರಾಗಿ ಎದ್ದು ಹೆಸರು, ಉದ್ಯೋಗ ಹೇಳಬೇಕಿತ್ತು. ನನ್ನ ಸರದಿ ಬಂದಾಗ ಅದೆರಡೂ ನೆನಪಾಗಲಿಲ್ಲ. "ಇನ್ಸ್‌ಪೆಕ್ಟರ್ ಬಂದ ದಿನ ಗಂಟೆ ತಡವಾದದ್ದು ನನ್ನಿಂದ. ಕಾಕ ನನಗೆ ಕಾದದ್ದು. ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ," ಎಂದೆ. ಬಾಗಿಲ ಬಳಿ ನಿಂತಿದ್ದ ಕಾಕ ಹೆಗಲಿನ ಬೈರಾಸಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

ಊಟದ ಹೊತ್ತಿಗೆ ಕೊಡಪಾನದ ಹತ್ತಿರ ಸಿಕ್ಕರು. ನಾನು ಬೊಗಸೆ ಒಡ್ಡಿದೆ. ನೀರು ಹೊಯ್ಯುತ್ತಾ ಬೈದರು:

"ಮರ್ಲಾ ನಿನಗೆ, ತಲೆ ಸರಿ ಇಲ್ವಾ? ಅಷ್ಟು ಜನರ ಎದುರು! ಆವತ್ತು ನನ್ನ ಕಣ್ಣು ನಿಜಕ್ಕೂ ಮಂಜಾಗಿತ್ತು ಮೋನೇ. ಈಗಲೂ ಹಾಗೆಯೇ. ಕುಡಿ."

ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಪುತ್ತೂರಿಗೆ ತಲುಪುವಾಗ ದಫನ ಮುಗಿದು ನಾಲ್ಕು ದಿನವಾಗಿತ್ತು. ಮನೆಗೆ ಹೋದೆ. ಅವರ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಮಾತಾಡಿದರು. ಏನು ಕೇಳಬೇಕೆಂದು ತೋಚದೆ, "ಕಾಕನಿಗೆ ಕಣ್ಣಿನ ತೊಂದರೆ ಇತ್ತಲ್ವಾ?" ಎಂದೆ.

"ಕಣ್ಣಾ?" ಎಂದರು ಆಕೆ. "ಕಣ್ಣಿಗೆ ಎಂತದೂ ಇರ್ಲಿಲ್ಲ ಮೋನೇ. ಮೊನ್ನೆ ಮೊನ್ನೆವರೆಗೂ ನನ್ನ ಸೂಜಿಗೆ ದಾರ ಹಾಕಿ ಕೊಡ್ತಿದ್ದದ್ದು ಅವರೇ."